ಹಿನ್ನೀರಿನ ಅಜ್ಜಿಗೆ ಒಂದು ಫೋಟೊ

ಕಡೂರು, ಆಷಾಢ

ಆಷಾಢ ಬಂತೆಂದರೆ ನಮ್ಮ ಕಸುಬಿನವರು ಕೈಕಟ್ಟಿ ಕೂರಬೇಕು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನಾಮಕರಣದವರು ಕೂಡ ಶ್ರಾವಣ ಬರಲಿ ಎನ್ನುತ್ತಾರೆ. ಕಡೂರಿನ ನನ್ನ ಸ್ಟುಡಿಯೊಗೆ ಆ ತಿಂಗಳು ಬರುವವರು ಎರಡೇ ಥರ. ಒಂದು, ಪಾಸ್‌ಪೋರ್ಟ್ ಸೈಜಿನವರು. ಇನ್ನೊಂದು, ಮನೆಯಲ್ಲಿ ಯಾರನ್ನೋ ಕಳೆದುಕೊಂಡು, ಗೋಡೆಗೆ ಹಾಕುವ ಫೋಟೊ ಮಾಡಿಸಲು ಬರುವವರು. ಹೀಗಿರುವಾಗ ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಸ್ಟುಡಿಯೊದವರು ಹನ್ನೊಂದು ಮಂದಿ ಸೇರಿ, ಈ ಆಷಾಢದಲ್ಲಿ ವಿಯೆಟ್ನಾಂ ನೋಡಿಕೊಂಡು ಬರೋಣ ಎಂದು ಹೊರಟುಬಿಟ್ಟೆವು.

ಹನ್ನೊಂದು ಜನ ಫೋಟೊಗ್ರಾಫರುಗಳು ಒಟ್ಟಿಗೆ ಪ್ರವಾಸ ಹೋಗಬಾರದು. ಒಬ್ಬ ಎಲ್ಲಿ ನಿಂತನೋ ಉಳಿದ ಹತ್ತು ಜನವೂ ಅಲ್ಲೇ ಬಂದು ನಿಲ್ಲುತ್ತಾರೆ. ಒಂದು ಹಳೆಯ ಗುಡಿಯ ಮುಂದೆ ನಾವೆಲ್ಲ ಸಾಲಾಗಿ ಕ್ಯಾಮೆರಾ ಎತ್ತಿದಾಗ, ಅಲ್ಲಿನ ಜನ ಯಾರೋ ಮಂತ್ರಿ ಬರುತ್ತಿರಬೇಕೆಂದು ದಾರಿ ಬಿಟ್ಟು, ಬಿಸಿಲಲ್ಲಿ ಕಾದು ನಿಂತರು. ಯಾರೂ ಬರಲಿಲ್ಲ. ನಮ್ಮ ಪೈಕಿ ತರೀಕೆರೆಯ ನಟರಾಜನೇ ಗಂಭೀರವಾಗಿ ಕೈಮುಗಿದುಕೊಂಡು ಅವರ ನಡುವೆ ನಡೆದುಹೋದ.

ನಟರಾಜ ನನ್ನ ಮೂವತ್ತು ವರ್ಷದ ಗೆಳೆಯ. ನೋಡಬೇಕಾದ ಜಾಗಗಳ ಪಟ್ಟಿಯನ್ನು ಫೋನಿನಲ್ಲಿ ಮಾಡಿಕೊಂಡಿದ್ದ. ಒಂದು ಮುಗಿದ ಕೂಡಲೇ ಅದರ ಮುಂದೆ ಟಿಕ್ ಹಾಕಿ, "ಹತ್ರೋ ಬಸ್ಸು, ಹತ್ರೋ" ಎಂದು ಎಲ್ಲರನ್ನೂ ಕುರಿಮಂದೆಯಂತೆ ಅಟ್ಟುತ್ತಿದ್ದ. ನಾನೂ ಕಡಿಮೆಯವನಲ್ಲ. ಮೊದಲ ಮೂರು ದಿನಗಳಲ್ಲಿ ಎರಡು ಸಾವಿರ ಫೋಟೊ ತೆಗೆದೆ. ಅವುಗಳಲ್ಲಿ ಒಬ್ಬ ಮನುಷ್ಯನ ಹೆಸರೂ ನನಗೆ ಗೊತ್ತಿರಲಿಲ್ಲ.

ಸೋಮವಾರ, ಹಿನ್ನೀರು

ಹುಯೆ ಎಂಬ ಊರಿನ ಹೊರಗೆ, ಸಮುದ್ರದ ನೀರು ಒಳಗೆ ಬಂದು ಹರಡಿಕೊಂಡ ದೊಡ್ಡ ಹಿನ್ನೀರಿದೆ. ಬೆಳಗಿನ ಹೊತ್ತು ನಮ್ಮ ಲಕ್ಕವಳ್ಳಿಯ ಹಿನ್ನೀರನ್ನೇ ನೋಡಿದಂತಾಯಿತು. ಒಬ್ಬ ಬೆಸ್ತ ಬಲೆ ಹೆಗಲಿಗೆ ಹಾಕಿಕೊಂಡು ದಡದ ಕಟ್ಟೆಯ ಮೇಲೆ ನನ್ನ ಕಡೆಗೆ ನಡೆದು ಬರುತ್ತಿದ್ದ. ನಾನು ಅವನಿಗೆ ಮುಖ ಮಾಡಿ ಹಿಂದೆ ಹಿಂದೆ ಸರಿಯುತ್ತಾ ಫೋಟೊ ತೆಗೆಯತೊಡಗಿದೆ.

ಮದುವೆ ಫೋಟೊ ತೆಗೆಯುವವರಿಗೆ ಹಿಂದಕ್ಕೆ ನಡೆಯುವುದು ಅಭ್ಯಾಸ. ದಿಬ್ಬಣ ಮುಂದೆ ಬರುತ್ತಿರುತ್ತದೆ, ನಾವು ಹಿಂದೆ ಸರಿಯುತ್ತಿರುತ್ತೇವೆ. ಬೆನ್ನ ಹಿಂದೆ ಮೆಟ್ಟಿಲಿದ್ದರೆ ಯಾರೋ ಒಬ್ಬರು "ಅಣ್ಣಾ, ಹಿಂದ್ಗಡೆ ಮೆಟ್ಲೈತೆ" ಎಂದು ಸೊಂಟ ಹಿಡಿದುಕೊಳ್ಳುತ್ತಾರೆ. ಆ ಕೈ ಯಾರದೆಂದು ನಾವು ತಿರುಗಿಯೂ ನೋಡುವುದಿಲ್ಲ. ವಿಯೆಟ್ನಾಮಿನಲ್ಲಿ ಆ ಕೈ ಇರಲಿಲ್ಲ. ಕಟ್ಟೆ ಮುಗಿಯಿತು, ನಾನು ಮಂಡಿಯುದ್ದ ನೀರಿಗೆ ಬಿದ್ದೆ. ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ ಹಿಡಿದದ್ದರಿಂದ ಅದು ಉಳಿಯಿತು, ಬಲಗಾಲು ತಿರುಚಿಕೊಂಡಿತು.

"ಲೇ ಪಾಲಾಕ್ಷ, ಇರು ಇರು, ಏಳ್ಬ್ಯಾಡ, ಒಂದು ತಗೀತೀನಿ!" ಎಂದು ನಟರಾಜ ಕೂಗಿದ. ತೆಗೆದೂ ತೆಗೆದ. ಆಮೇಲೆಯೇ ಕೈ ಕೊಟ್ಟದ್ದು.

ಡಾಕ್ಟರು ಮೂಳೆ ಮುರಿದಿಲ್ಲ, ಆದರೆ ನಾಲ್ಕು ದಿನ ಕಾಲೂರಬಾರದು ಎಂದರು. ದಡದಲ್ಲೇ ಪ್ರವಾಸಿಗರಿಗೆ ಕೋಣೆ ಕೊಡುವ ಒಂದು ಮನೆಯಲ್ಲಿ ನಮ್ಮವರು ನನ್ನನ್ನು ಬಿಟ್ಟು ಮುಂದಿನ ಊರುಗಳಿಗೆ ಹೊರಟರು. "ಶುಕ್ರವಾರ ಇದೇ ದಾರೀಲಿ ವಾಪಸ್ ಬತ್ತೀವಿ, ಕರ್ಕೊಂಡ್ ಹೋಯ್ತೀವಿ. ಬೇಜಾರ್ ಮಾಡ್ಕಬ್ಯಾಡ ಕಣೋ," ಎಂದ ನಟರಾಜ. ಬಸ್ಸು ತಿರುವಿನಲ್ಲಿ ಮರೆಯಾದಾಗ ನನಗೆ ಅಳುವೇ ಬಂದಿತ್ತು. ಅಷ್ಟು ದೂರ ಬಂದು ಒಂದು ಜಗುಲಿಯ ಮೇಲೆ ಕಾಲು ಚಾಚಿ ಕೂರಬೇಕಾಯಿತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು.

ಮಂಗಳವಾರ

ಆ ಮನೆಯ ಯಜಮಾನಿಯ ಹೆಸರು ಲಾನ್. ನಲವತ್ತೈದು ದಾಟಿದ ಹೆಂಗಸು, ನನ್ನಷ್ಟೇ ಇಂಗ್ಲಿಷ್ ಬರುತ್ತಿತ್ತು, ಹಾಗಾಗಿ ನಮಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ನಾನು ಮೀನು ಮಾಂಸ ಮುಟ್ಟುವುದಿಲ್ಲ ಎಂದಾಗ ನಮ್ಮ ಟೂರಿನ ಹೋಟೆಲಿನವರೆಲ್ಲ ಮರುಕದಿಂದ ನೋಡಿದ್ದರು. ಲಾನ್ ಮಾತ್ರ ಸುಮ್ಮನೆ ತಲೆಯಾಡಿಸಿದಳು. ಅವರ ಮನೆಯಲ್ಲಿ ಅಮಾವಾಸ್ಯೆ ಹುಣ್ಣಿಮೆಗೆ ಎಲ್ಲರೂ ಸೊಪ್ಪುಸದೆಯೇ ಉಣ್ಣುವುದಂತೆ. ಬಾಳೆಹೂವನ್ನು ಸಣ್ಣಗೆ ಹೆಚ್ಚಿ, ನಿಂಬೆಹುಳಿ ಹಿಂಡಿ, ಹುರಿದ ಕಡಲೆಕಾಯಿ ಉದುರಿಸಿ ಕೊಟ್ಟಳು. ಅನ್ನದ ಜೊತೆ ಎರಡು ಸಲ ಹಾಕಿಸಿಕೊಂಡೆ.

ಲಾನಳ ತಾಯಿ ಜಗುಲಿಯ ಇನ್ನೊಂದು ತುದಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಎಂಬತ್ತರ ಹತ್ತಿರದ ಸಣಕಲು ಅಜ್ಜಿ, ಗಲ್ಲದ ಎಡಕ್ಕೆ ಕಡಲೆಕಾಳಿನಷ್ಟು ದೊಡ್ಡ ಮಚ್ಚೆ. ಶುಂಠಿ ಜಜ್ಜಿ, ಉಪ್ಪು ಸೇರಿಸಿ ಬಿಸಿ ಮಾಡಿ, ಬಟ್ಟೆಯಲ್ಲಿ ಕಟ್ಟಿ ತಂದು, ಕೇಳದೆಯೇ ನನ್ನ ಕಾಲಿಗೆ ಒತ್ತಿದರು. ಆಮೇಲೆ ನನ್ನ ಕ್ಯಾಮೆರಾವನ್ನು ಬೆರಳಿನಿಂದ ತೋರಿಸಿ ಏನೋ ಹೇಳಿದರು.

"ಅಮ್ಮನಿಗೆ ಒಂದು ಫೋಟೊ ಬೇಕಂತೆ," ಎಂದಳು ಲಾನ್. "ಪೀಠದ ಮೇಲೆ ಇಡುವ ಫೋಟೊ."

ನನ್ನನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ನಡುಮನೆಯಲ್ಲಿ ತೀರಿಹೋದ ಹಿರಿಯರ ಪೀಠ, ಊದುಬತ್ತಿ, ಹಣ್ಣು, ಎರಡು ಫೋಟೊ. ಆ ದೇಶದಲ್ಲಿ ವಯಸ್ಸಾದವರು ತಮ್ಮ ಪೀಠದ ಫೋಟೊವನ್ನು ಬದುಕಿರುವಾಗಲೇ ತೆಗೆಸಿ, ಒಪ್ಪವಾಗಿ ಬೀರುವಿನಲ್ಲಿ ಇಟ್ಟುಕೊಳ್ಳುತ್ತಾರಂತೆ. ನಮ್ಮ ಕಡೆ ಯಾವುದಾದರೂ ಮನೆಗೆ ಹೋಗಿ ಹಿರಿಯರಿಗೆ ಹೀಗೆ ಕೇಳಿದರೆ ಪೊರಕೆ ತೆಗೆದುಕೊಳ್ಳುತ್ತಾರೆ.

ಅಜ್ಜಿಗೆ ಹೃದಯದ ಆಪರೇಷನ್ ಇತ್ತು. ಶುಕ್ರವಾರ ಬೆಳಿಗ್ಗೆ ಹುಯೆಯ ಆಸ್ಪತ್ರೆಗೆ ಹೊರಡಬೇಕು. ಆ ವಯಸ್ಸಿಗೆ ಏನು ಬೇಕಾದರೂ ಆಗಬಹುದೆಂದು ಡಾಕ್ಟರೇ ಹೇಳಿದ್ದರಂತೆ. ಪೇಟೆಯ ಸ್ಟುಡಿಯೊದವರು ಅಜ್ಜಿಯನ್ನು ತೆಗೆದು, ತಿದ್ದಿ ಕೊಟ್ಟ ಒಂದು ಫೋಟೊ ಇತ್ತು. ಲಾನ್ ಅದನ್ನು ತಂದಳು. ನಲವತ್ತು ವರ್ಷದ ಯಾರೋ ಹೆಂಗಸು ಮೇಣದ ಗೊಂಬೆಯಂತೆ ನಗುತ್ತಿದ್ದಳು. ಅಜ್ಜಿ ಅದನ್ನು ನೋಡಿದ ದಿನವೇ ಗೋಡೆಗೆ ತಿರುಗಿಸಿ ಇಟ್ಟಿದ್ದರಂತೆ. ಹೊರಡುವ ಮೊದಲು ತನ್ನ ಮುಖ ತನ್ನದೇ ಆಗಿರುವ ಒಂದು ಫೋಟೊ ಮನೆಯಲ್ಲಿರಬೇಕು ಎಂಬುದೊಂದೇ ಅವರ ಹಟ.

"ಎರಡು ನಿಮಿಷದ ಕೆಲಸ," ಎಂದೆ, ಕ್ಯಾಮೆರಾ ಎತ್ತಿಕೊಂಡು. ಅಜ್ಜಿ ಕೈ ಅಡ್ಡ ಹಿಡಿದರು. ಇವತ್ತು ಆಗದು, ತಲೆ ತೊಳೆಯಬೇಕು. ಒಣಗಿದ ಯಾವುದೋ ಕಾಯಿಗಳನ್ನು ಸುಟ್ಟು ನೀರಿಗೆ ಹಾಕಿ ಕುದಿಸಿದರು. ಥೇಟು ನಮ್ಮ ಸೀಗೆಕಾಯಿಯ ಸಂಬಂಧಿಕರ ವಾಸನೆ. ತೊಳೆದ ಕೂದಲು ಒಣಗಲು ಸಂಜೆಯವರೆಗೆ ಕೂತರು. ನಾನೂ ಕೂತೆ. ನನಗೆ ಹೋಗಲು ಜಾಗವೂ ಇರಲಿಲ್ಲ, ಕಾಲೂ ಇರಲಿಲ್ಲ.

ಬುಧವಾರ

ಬೆಳಿಗ್ಗೆ ಅಜ್ಜಿ ನೇರಳೆ ಬಣ್ಣದ ಉದ್ದ ನಿಲುವಂಗಿ ತೊಟ್ಟು ಬಂದರು. ಬಾಗಿಲ ಪಕ್ಕ, ಬೆಳಕು ಬೀಳುವ ಕಡೆ ಕುರ್ಚಿ ಹಾಕಿಸಿದೆ. ಕೂತರು. ಮುಖ ಸ್ವಲ್ಪ ಕೆಳಗಿತ್ತು. ಕುಂಟುತ್ತಾ ಹೋಗಿ, ಒಂದು ಕೈಯಿಂದ ಅವರ ಗಲ್ಲ ಹಿಡಿದು ಮೇಲೆತ್ತಿದೆ, ಇನ್ನೊಂದು ಕೈಯನ್ನು ತಲೆಯ ಹಿಂದೆ ಕೊಟ್ಟು ಕತ್ತು ನೇರ ಮಾಡಿದೆ. ಲಾನಳಿಗೆ, "ಹಿಂದಿನಿಂದ ಭುಜ ಹಿಡಿದುಕೋ, ವಾಲದ ಹಾಗೆ. ನಿನ್ನ ಕೈ ಕಾಣಬಾರದು," ಎಂದೂ ಹೇಳಿದೆ.

ಲಾನ್ ಬೆಪ್ಪಾಗಿ ನಿಂತಳು. ಅವರಲ್ಲಿ ಹಿರಿಯರ ತಲೆಯನ್ನು ಹಾಗೆಲ್ಲ ಮುಟ್ಟುವಂತಿಲ್ಲ. ಅಜ್ಜಿ ಕಣ್ಣು ಮೇಲೆತ್ತಿ ನನ್ನನ್ನು ನೋಡಿ ಒಂದು ಮಾತು ಹೇಳಿದರು. ಲಾನ್ ಹೇಳಲೋ ಬೇಡವೋ ಎಂದು ಸ್ವಲ್ಪ ತಡೆದು ಹೇಳಿದಳು: "ನಾನಿನ್ನೂ ಬದುಕಿದ್ದೀನಪ್ಪ, ಕತ್ತು ನಾನೇ ಎತ್ತಿಕೊಳ್ತೀನಿ ಅಂತಿದ್ದಾರೆ."

ನನ್ನ ಕೈ ಸುಟ್ಟಂತಾಯಿತು. ಏಕೆಂದರೆ ಅಜ್ಜಿ ಹೇಳಿದ್ದು ಸರಿಯಾಗಿತ್ತು. ನಮ್ಮ ಮಂದಿಯಲ್ಲಿ ತೀರಿಕೊಂಡವರನ್ನು ಮಲಗಿಸಿ ಕಳಿಸುವುದಿಲ್ಲ. ವಿಭೂತಿ ಇಟ್ಟು, ಹೂವು ಹಾಕಿ, ಕೂರಿಸುತ್ತಾರೆ. ಆಗ ಸ್ಟುಡಿಯೊಗೆ ಫೋನು ಬರುತ್ತದೆ. ನಾನು ಹೋಗಿ, ಗಲ್ಲ ಎತ್ತಿ, ಕತ್ತು ನೇರ ಮಾಡಿ, ಮಗನಿಗೆ ಹಿಂದಿನಿಂದ ಭುಜ ಹಿಡಿದುಕೊಳ್ಳಲು ಹೇಳಿ ಫೋಟೊ ತೆಗೆಯುತ್ತೇನೆ. ಕಡೂರು ಸುತ್ತಿನ ಎಷ್ಟೋ ಮನೆಗಳ ಹಿರಿಯರ ಕೊನೆಯ ಫೋಟೊ ನನ್ನದೇ. ಮದುವೆಮನೆಯಲ್ಲಿ ಯಾರೂ ಒಂದು ಕಡೆ ನಿಲ್ಲುವುದಿಲ್ಲ, ನಾನೂ ನಿಲ್ಲುವುದಿಲ್ಲ. ಅಷ್ಟು ವರ್ಷಗಳಲ್ಲಿ ನನ್ನ ಕ್ಯಾಮೆರಾದ ಮುಂದೆ ಸುಮ್ಮನೆ, ಸಮಾಧಾನವಾಗಿ ಕೂತವರು ಸತ್ತವರು ಮಾತ್ರ. ಅಲುಗಾಡದೆ ಕೂತ ಅಜ್ಜಿಯನ್ನು ಕಂಡದ್ದೇ ತಡ, ಕೈ ತನ್ನ ಕೆಲಸ ಶುರು ಮಾಡಿಬಿಟ್ಟಿತ್ತು.

ಇದನ್ನೆಲ್ಲ ನಾಚಿಕೆ ಬಿಟ್ಟು ಲಾನಳಿಗೆ ಹೇಳಿದೆ, ಅವಳು ತಾಯಿಗೆ ಹೇಳಿದಳು. ಅಜ್ಜಿ ಬೈಯಲಿಲ್ಲ. ಸತ್ತವರನ್ನು ಕೂರಿಸುತ್ತೀರಾ, ಬೀಳುವುದಿಲ್ಲವಾ, ಎಂದು ಕುತೂಹಲದಿಂದ ನಾಲ್ಕಾರು ಪ್ರಶ್ನೆ ಕೇಳಿದರು. ಆಮೇಲೆ ತಾವೇ ಕತ್ತು ನೇರ ಮಾಡಿಕೊಂಡು ಕೂತರು. ನಾನು ತಪ್ಪು ಮುಚ್ಚಿಕೊಳ್ಳುವ ಆತುರದಲ್ಲಿ ನಲವತ್ತು ಫೋಟೊ ಹೊಡೆದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮಧ್ಯಾಹ್ನ ಲ್ಯಾಪ್‌ಟಾಪ್ ತೆರೆದು ಕೂತೆ. ಗೋಡೆಗೆ ಹೋಗುವ ಫೋಟೊಗೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಹಿಂದೆ ನೀಲಿ ಬಣ್ಣ, ಮುಖಕ್ಕೆ ಬಿಳುಪು, ಸುಕ್ಕು ಮಾಯ. ಅಜ್ಜಂಪುರದ ಒಂದು ಮನೆಯವರು ಮದುವೆಯ ಗ್ರೂಪ್ ಫೋಟೊದಲ್ಲಿ ಅರ್ಧ ಮಾತ್ರ ಕಾಣುತ್ತಿದ್ದ ತಂದೆಯನ್ನು ತಂದುಕೊಟ್ಟಾಗ, ಉಳಿದರ್ಧ ನಾನೇ ಮಾಡಿ, ಕೋಟು ತೊಡಿಸಿ ಕೊಟ್ಟಿದ್ದೆ. "ನಮ್ಮಪ್ಪ ಕೋಟು ಹಾಕ್ದೋರೇ ಅಲ್ಲ ಕಣ್ರೀ, ಆದ್ರೂ ಒಪ್ಪುತೈತೆ," ಎಂದು ಮಗ ಕಣ್ಣೊರೆಸಿಕೊಂಡಿದ್ದ. ಅದೇ ಹುಮ್ಮಸ್ಸಿನಲ್ಲಿ ಅಜ್ಜಿಯನ್ನೂ ತಿದ್ದಿದೆ. ಮಚ್ಚೆಯನ್ನೂ ತೆಗೆದೆ. ಲಾನ್ ಪೇಟೆಗೆ ಸ್ಕೂಟರಿನಲ್ಲಿ ಹೋಗಿ ಪ್ರಿಂಟ್ ಹಾಕಿಸಿಕೊಂಡು ಬಂದಳು.

ಅಜ್ಜಿ ಫೋಟೊವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ತಮ್ಮ ಗಲ್ಲದ ಮಚ್ಚೆ ಮುಟ್ಟಿಕೊಂಡರು. ಮಗಳನ್ನು ಒಂದೇ ಮಾತು ಕೇಳಿದರು. ಲಾನ್ ಅನುವಾದ ಮಾಡುವ ಅಗತ್ಯವಿರಲಿಲ್ಲ. ಯಾರಿವಳು ಎಂಬ ಪ್ರಶ್ನೆ ಯಾವ ಭಾಷೆಯಲ್ಲಿ ಕೇಳಿದರೂ ತಿಳಿಯುತ್ತದೆ. ನಾನು ಭೂಮಿಗಿಳಿದು ಹೋದೆ. ನನ್ನ ಫೋಟೊವೂ ಪೇಟೆಯ ಫೋಟೊದ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಕೂತಿತು. ಉಳಿದದ್ದು ಒಂದೇ ದಿನ.

ಗುರುವಾರ, ಅಮಾವಾಸ್ಯೆ

ಬೆಳಿಗ್ಗೆ ಕಡೂರಿನಿಂದ ವೀಡಿಯೊ ಕಾಲ್. ಅಂದು ಭೀಮನ ಅಮಾವಾಸ್ಯೆ, ಹೆಂಡತಿಯರು ಗಂಡನ ಪಾದಪೂಜೆ ಮಾಡುವ ದಿನ. ನನ್ನ ಹೆಂಡತಿ ಗಿರಿಜಾ ಆರತಿ ತಟ್ಟೆ ಹಿಡಿದುಕೊಂಡೇ ಬೈಯಲು ಶುರು ಮಾಡಿದಳು.

"ಏನ್ರೀ, ವರ್ಷಕ್ಕೊಂದ್ ದಿನ, ಅದ್ಕೂ ಊರಲ್ಲಿಲ್ದಿದ್ರೆ ನಾನು ಯಾರ್ ಕಾಲು ತೊಳೀಲಿ? ನಿಮ್ ಫೋಟೊ ಇಟ್ಟು ಪೂಜೆ ಮಾಡಾನ ಅಂದ್ರೆ, ನೋಡ್ದೋರು ಏನಾಯ್ತು ಅಂತ ಓಡ್ ಬಂದ್ಬಿಡ್ತಾರೆ. ಫೋನಲ್ಲೇ ಕಾಲು ತೋರ್ಸ್ರೀ."

"ಬ್ಯಾಡ ಕಣೇ, ಪಟ್ಟಿ ಕಟ್ಟೌರೆ."

"ಪಟ್ಟಿನಾದ್ರೂ ತೋರ್ಸ್ರೀ, ಬೇಗ. ಕರ್ಪೂರ ಉರಿದ್ ಹೋಗ್ತೈತೆ."

ಬಲಗಾಲನ್ನು ಎತ್ತಿ ಫೋನಿನ ಮುಂದೆ ಹಿಡಿದೆ. ಅತ್ತ ಗಿರಿಜಾ ಫೋನಿಗೆ ಅರಿಶಿನ ಕುಂಕುಮ ಹಾಕಿ ಆರತಿ ಎತ್ತಿದಳು. ಇತ್ತ ಅಜ್ಜಿ ನನ್ನ ಹೆಗಲ ಹಿಂದೆ ನಿಂತು, ಬಾಯಿ ಬಿಟ್ಟುಕೊಂಡು ನೋಡಿದರು. ಬದುಕಿರುವ ಗಂಡನಿಗೆ ಪೂಜೆಯೇ ಎಂದು ಲಾನಳ ಮೂಲಕ ಕೇಳಿದರು. ಹೌದು ಎಂದೆ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿರಿಜಾಳಿಗೂ ನಗು ತಡೆಯಲಿಲ್ಲ. "ಯಾರ್ರೀ ಅವ್ರು? ಅಜ್ಜೀ, ಇವ್ರನ್ನ ಚೆನ್ನಾಗಿ ನೋಡ್ಕಳಿ," ಎಂದು ಕನ್ನಡದಲ್ಲೇ ಕೂಗಿ ಹೇಳಿದಳು. ಅಜ್ಜಿ ತಲೆಯಾಡಿಸಿದರು.

ನಗು ನಿಂತ ಮೇಲೆ ಅಜ್ಜಿ ನನ್ನ ಪಕ್ಕದಲ್ಲೇ ಕೂತರು. ಆಮೇಲೆ ಊದುಬತ್ತಿ ಹಚ್ಚಲು ಒಳಗೆ ಹೋದವರು ಪೀಠದ ಮೇಲಿಂದ ಒಂದು ಮರದ ಪಟ್ಟಿ ತಂದು ತೋರಿಸಿದರು. ಅದರ ಮೇಲೆ ಬರೀ ಹೆಸರು. ಅವರ ಗಂಡನದು. ಮೂವತ್ತರ ವಯಸ್ಸಿನಲ್ಲಿ ಬಿರುಗಾಳಿಗೆ ಸಿಕ್ಕಿ ಇದೇ ಹಿನ್ನೀರಿನಲ್ಲಿ ಹೋದರಂತೆ. ಒಂದು ಫೋಟೊ ತೆಗೆಸಿರಲಿಲ್ಲ.

"ಇಷ್ಟು ವರ್ಷ ಹೆಸರಿಗೆ ಊದುಬತ್ತಿ ಹಚ್ಚಿದೆ," ಎಂದರು ಅಜ್ಜಿ. "ಮುಖ ಮರೆತುಹೋಗಿದೆ. ನೆನಪು ಮಾಡಿಕೊಳ್ಳೋಕೆ ಕೂತರೆ ಯಾರದೋ ಮುಖ ಬರುತ್ತೆ. ನನ್ನ ಮಗಳಿಗೆ ಹಾಗಾಗಬಾರದು."

ಇದನ್ನು ನನಗೆ ಹೇಳಿ ಲಾನ್ ಆ ಹೆಸರಿನ ಮೇಲೆ ಬೆರಳಾಡಿಸಿದಳು. ಅಪ್ಪ ಹೋದಾಗ ಅವಳಿನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ಅವಳು ಅಪ್ಪನ ಮುಖವನ್ನೇ ಕಂಡವಳಲ್ಲ. ನಿನ್ನೆ ನಾನು ಆ ಮಚ್ಚೆಯನ್ನು ಅಳಿಸಿದ್ದು ಎಂಥ ಕೆಲಸ ಎಂದು ಆಗ ತಿಳಿಯಿತು. ಅಜ್ಜಂಪುರದವರ ತಂದೆಗೆ ತೊಡಿಸಿದ ಕೋಟೂ ನೆನಪಾಯಿತು.

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಜಗುಲಿಯಲ್ಲಿ ಇಟ್ಟೆ. ಇಲ್ಲಿ ನೋಡಿ, ಅಲ್ಲಿ ನೋಡಿ ಎನ್ನಲಿಲ್ಲ. ನಾನೂ ಅಜ್ಜಿಯ ಎದುರಿಗೆ ಸುಮ್ಮನೆ ಕೂತೆ. ಮೊದಲು ಅವರು ಫೋಟೊಗೆ ಕೂತವರಂತೆ ಬಿಗಿಯಾಗಿದ್ದರು. ಲಾನ್ ಚಹಾ ತಂದಳು, ಕುಡಿದೆವು. ಎಷ್ಟೋ ಹೊತ್ತಾದ ಮೇಲೆ ಅಜ್ಜಿ ನನ್ನನ್ನು ಮರೆತರು. ನೀರಿನ ಕಡೆ ನೋಡುತ್ತಾ ಕೂತರು. ಆಮೇಲೆ ಮುಖ ತಿರುಗಿಸಿ ನೇರವಾಗಿ ಕ್ಯಾಮೆರಾವನ್ನು ನೋಡಿ, "ನಾಳೆ ಹೋಗೋಕೆ ನಂಗೆ ಭಯ," ಎಂದರು. ಲಾನ್ ಅದನ್ನು ನನಗೆ ಹೇಳುವ ಮೊದಲೇ ನಾನು ಬಟನ್ ಒತ್ತಿದ್ದೆ. ಒಂದೇ ಸಲ. ಎರಡನೆಯದು ತೆಗೆಯಬೇಕೆಂದು ನನಗೆ ಅನ್ನಿಸಲೇ ಇಲ್ಲ.

ಆ ಫೋಟೊವನ್ನು ನಾನು ಮುಟ್ಟಲಿಲ್ಲ. ಸಂಜೆ ಲಾನ್ ಪ್ರಿಂಟ್ ತಂದು ತಾಯಿಯ ಮಡಿಲಿಗಿಟ್ಟಳು. ಸುಕ್ಕು, ಮಚ್ಚೆ, ಬಿಳಿಗೂದಲು, ಆ ಕಣ್ಣು, ಎಲ್ಲವೂ ಇದ್ದವು. ಅಜ್ಜಿ ನೋಡಿದರು. "ಹ್ಞೂಂ, ನಾನೇ," ಎಂದರು. ಹೊಸ ಬಟ್ಟೆಯಲ್ಲಿ ಸುತ್ತಿ ಬೀರುವಿನೊಳಗೆ ಇಟ್ಟು ಬೀಗ ಹಾಕಿದರು. ವಾಪಸ್ ಬರುವಾಗ ಒಂದು ಬಟ್ಟಲಲ್ಲಿ ಕಮಲದ ಬೀಜದ ಪಾಯಸ ತಂದು ನನ್ನ ಕೈಗಿಟ್ಟರು. ಮೂವತ್ತು ವರ್ಷದ ಕಸುಬಿನಲ್ಲಿ ನನ್ನ ಫೋಟೊ ನೋಡಿ ಚೆನ್ನಾಗಿದೆ ಎಂದವರು ಬಹಳ. ನಾನೇ ಎಂದವರು ಇವರೊಬ್ಬರೇ. ಆ ಪಾಯಸ ತಿನ್ನುವಾಗ ಕಾಲು ಉಳುಕಿಸಿದ ದೇವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಶುಕ್ರವಾರ

ಅಜ್ಜಿ ಬೆಳಿಗ್ಗೆ ಬೇಗ ಹೊರಟರು. ಕಾರಿಗೆ ಹತ್ತುವ ಮೊದಲು ಬಗ್ಗಿ ನನ್ನ ಕಾಲಿನ ಊತ ಇಳಿದಿದೆಯೇ ಎಂದು ಒತ್ತಿ ನೋಡಿದರು. ನಾನು ಅವರ ಕಾಲು ಮುಟ್ಟಿದೆ. ಅದು ಅವರಿಗೆ ಹೊಸದು, ಏನೋ ಬಿದ್ದಿದೆಯೇನೋ ಎಂದು ನೆಲ ನೋಡಿದರು. ಕಾರು ಹೋದ ಮೇಲೆ ಆ ಜಗುಲಿ ನೋಡಲಾಗಲಿಲ್ಲ.

ಮಧ್ಯಾಹ್ನ ನಮ್ಮವರ ಬಸ್ಸು ಬಂತು. ನಟರಾಜ ಇಳಿಯುವ ಮೊದಲೇ ಕಿಟಕಿಯಿಂದ, "ಏಳ್ ಊರು, ಒಂಬತ್ ಗುಡಿ, ಎರಡ್ ಗುಹೆ ಕಣೋ! ನೀನೇನ್ ನೋಡ್ದೆ?" ಎಂದು ಕೇಳಿದ. ಒಬ್ಬ ಅಜ್ಜಿಯನ್ನು ಎಂದೆ. ಅವನು ನನ್ನ ಹಣೆ ಮುಟ್ಟಿ ಜ್ವರ ನೋಡಿದ. ಬಸ್ಸಿನಲ್ಲಿ ಎಲ್ಲ ಹೇಳಿದಾಗ ಮಾತ್ರ ಪಟ್ಟಿಯ ಫೋನನ್ನು ಜೇಬಿಗಿಟ್ಟು ಕೊನೆಯವರೆಗೂ ಕೇಳಿದ.

ತರೀಕೆರೆ, ಶ್ರಾವಣ

ಆಪರೇಷನ್ ಆಯಿತು, ಇನ್ನೂ ಕಣ್ಣು ತೆರೆದಿಲ್ಲ ಎಂದು ಲಾನ್ ಒಂದು ಸಲ ಬರೆದಿದ್ದಳು. ಆಮೇಲೆ ಮೂರು ವಾರ ಏನೂ ಇಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ. ದಿನಕ್ಕೆ ಹತ್ತು ಸಲ ಫೋನು ತೆಗೆದು ನೋಡಿ ಜೇಬಿಗಿಡುತ್ತಿದ್ದೆ. ಬೀರುವಿನಲ್ಲಿಟ್ಟ ಫೋಟೊ ಹೊರಗೆ ಬಂದುಬಿಟ್ಟಿತೇ ಎಂದು ಯೋಚಿಸಿದಾಗೆಲ್ಲ, ಅದನ್ನು ತೆಗೆದದ್ದೇ ತಪ್ಪಾಯಿತೇನೋ ಎನಿಸುತ್ತಿತ್ತು.

ಶ್ರಾವಣದ ಕೊನೆಯ ವಾರ, ತರೀಕೆರೆಯ ಛತ್ರದಲ್ಲಿ ಮದುವೆ. ನಾನು ಮತ್ತು ನಟರಾಜ ಸೇರಿ ಒಪ್ಪಿಕೊಂಡಿದ್ದೆವು. ಮುಹೂರ್ತಕ್ಕೆ ಇನ್ನೇನು ಹತ್ತು ನಿಮಿಷ ಎನ್ನುವಾಗ ಜೇಬಿನಲ್ಲಿ ಫೋನು ನಡುಗಿತು. ಲಾನ್ ಬರೆದಿದ್ದಳು. ಅಮ್ಮ ನಿನ್ನೆ ಮನೆಗೆ ಬಂದರು. ಬಂದವರೇ ಬೀರು ತೆಗೆದು ಫೋಟೊ ನೋಡಿದರು. ಇದರಲ್ಲಿರುವವಳು ಹೆದರಿದ್ದಾಳೆ, ನನಗೀಗ ಯಾವ ಭಯವೂ ಇಲ್ಲ, ಇದು ಆಗುವುದಿಲ್ಲ, ಅವನಿಗೆ ಬರಲು ಹೇಳು ಎಂದು ಕೂತಿದ್ದಾರೆ.

ಮಂಟಪದ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟೆ. ನಾದಸ್ವರ ಜೋರಾಯಿತು, ಜನ ಅಕ್ಷತೆ ಹಿಡಿದು ಎದ್ದರು. ನಟರಾಜ ಜನರ ನಡುವೆ ನುಗ್ಗಿ ಬಂದ.

"ಲೇ ಪಾಲಾಕ್ಷ, ಮುಹೂರ್ತ ಬಂತು ಕಣೋ! ಯಾಕೋ ಅಳ್ತಾ ಕೂತಿದ್ದೀಯ, ಏನಾಯ್ತೋ?"

"ಅಜ್ಜಿ ಮನೆಗ್ ಬಂದವ್ಳೆ ಕಣೋ," ಎಂದೆ. "ನಾ ತಗ್ದಿದ್ ಫೋಟೊ ಬ್ಯಾಡ್ವಂತೆ."